ವೀರಪ್ಪನ್ ತಂಡದ ಹಣದ ಮೂಲಗಳು ಮತ್ತು ಅವುಗಳನ್ನು ಕತ್ತರಿಸಿದ ಬಗೆ

ಕಾಡಿನಲ್ಲಿ ನೆಲೆನಿಂತ ಸಶಸ್ತ್ರ ಗುಂಪಿಗೆ ಹಣ ಎಲ್ಲಿಂದ ಬರುತ್ತದೆ, ಆ ದಾರಿಯನ್ನು ಮುಚ್ಚುವುದು ಹೇಗೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಸಿಗುವ ದೊಡ್ಡ ನಿದರ್ಶನ ಕೂಸೆ ಮುನಿಸ್ವಾಮಿ ವೀರಪ್ಪನ್ ತಂಡದ್ದು. 1980ರ ದಶಕದಿಂದ 2004ರ ಅಕ್ಟೋಬರ್‌ವರೆಗೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕಾಡುಗಳಲ್ಲೂ ಗಡಿಯಾಚೆಗಿನ ಸತ್ಯಮಂಗಲ, ಮೆಟ್ಟೂರು, ಧರ್ಮಪುರಿ ಕಡೆಯ ಕಾಡುಗಳಲ್ಲೂ ಈ ತಂಡ ಸಂಚರಿಸಿತು. ಪೊಲೀಸರು, ಅರಣ್ಯ ಸಿಬ್ಬಂದಿ, ಊರಿನವರು ಸೇರಿ ನೂರಕ್ಕೂ ಹೆಚ್ಚು ಜನ ಅದರ ಕೈಯಲ್ಲಿ ಸತ್ತರು. ಆನೆದಂತ, ಶ್ರೀಗಂಧ, ಕಲ್ಲುಕ್ವಾರಿಗಳಿಂದ ವಸೂಲಿ, ಅಪಹರಣದ ಒತ್ತೆಹಣ ಎಂಬ ನಾಲ್ಕು ಮೂಲಗಳಿಂದ ತಂಡ ಬದುಕಿತು. ಈ ಮೂಲಗಳಲ್ಲಿ ಕೆಲವನ್ನು ಕಾನೂನು ಬತ್ತಿಸಿತು, ಕೆಲವು ತಾವಾಗಿ ಬರಿದಾದವು, ಇನ್ನು ಕೆಲವನ್ನು ಬಂದೂಕಿನಿಂದ ತಡೆಯಲಾಯಿತು.

ತಂಡ ಮೊದಲಿಗೆ ರಾಜಕೀಯ ಗುರಿಯ ಬಂಡುಕೋರ ಸಂಘಟನೆ ಆಗಿರಲಿಲ್ಲ. ಆದರೂ ಅದರ ವಿರುದ್ಧ ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾ ಬಳಕೆಯಾಯಿತು. 1990ರ ದಶಕದ ಕೊನೆಗೆ ತಮಿಳುನಾಡಿನ ಎರಡು ಉಗ್ರ ಸಂಘಟನೆಗಳ ಸದಸ್ಯರು ತಂಡದ ಜೊತೆ ಕಾಡಿನಲ್ಲಿದ್ದರು. ಹೀಗಾಗಿ ಕಳ್ಳಸಾಗಣೆಯ ತಂಡವೊಂದು ಬಂಡಾಯದ ಗುಂಪುಗಳೊಂದಿಗೆ ಬೆರೆತ ಪ್ರಕರಣವಾಗಿಯೂ ಇದನ್ನು ಅಭ್ಯಾಸ ಮಾಡಬೇಕಾಗುತ್ತದೆ.

ನೆಲ ಮತ್ತು ಗಡಿ

ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಭಾಷಾವಾರು ಪ್ರಾಂತ್ಯ ರಚನೆಯಾದಾಗ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾಯಿತು. ಕೊಳ್ಳೇಗಾಲದಿಂದ ಒಡೆದ ಹನೂರು ಆಮೇಲೆ ಪ್ರತ್ಯೇಕ ತಾಲ್ಲೂಕಾಯಿತು. ಗೆರೆ ಎಳೆದದ್ದು ನಕ್ಷೆಯ ಮೇಲೆ. ಮಲೆ ಮಹದೇಶ್ವರ ಬೆಟ್ಟದ ಕಾಡು ಪಾಲಾರ್ ಹೊಳೆ ದಾಟಿ ತಮಿಳುನಾಡಿನೊಳಕ್ಕೆ ಹಾಗೆಯೇ ಮುಂದುವರಿಯುತ್ತದೆ. ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟ, ಉತ್ತರ ಮತ್ತು ಪೂರ್ವಕ್ಕೆ ಕಾವೇರಿ ಕಣಿವೆ. ಕನ್ನಡವನ್ನೂ ತಮಿಳನ್ನೂ ಆಡುವ ಊರುಗಳು ಇಲ್ಲಿ ಬೆರೆತಿವೆ. ಬುಡಕಟ್ಟು ಜನರಾದ ಸೋಲಿಗರ ಪೋಡುಗಳು, ಅಂದರೆ ಸಣ್ಣ ಹಾಡಿಗಳು, ಕಾಡಿನ ಒಳಗೆ ಚದುರಿವೆ.

ವೀರಪ್ಪನ್ ಹುಟ್ಟಿದ್ದು 1952ರಲ್ಲಿ, ಇಂದಿನ ಹನೂರು ತಾಲ್ಲೂಕಿನ ಗೋಪಿನಾಥಂನಲ್ಲಿ. ಒಂದು ರಾಜ್ಯದ ಪೊಲೀಸರು ಬೆನ್ನಟ್ಟಿದರೆ ಇನ್ನೊಂದು ರಾಜ್ಯಕ್ಕೆ ಸರಿಯುವುದು ಆತನ ತಂಡಕ್ಕೆ ಸುಲಭವಾಗಿತ್ತು. ಸರಕಿಗೂ ಅದೇ ಅನುಕೂಲ. ಕರ್ನಾಟಕದಲ್ಲಿ ಕಡಿದ ಗಂಧ ತಮಿಳುನಾಡನ್ನು ಹಾದು ಕೇರಳ ಸೇರಿದರೆ ಮೂರು ರಾಜ್ಯಗಳ ಮೂರು ಅರಣ್ಯ ಕಾನೂನುಗಳ ಸಂದಿಯಲ್ಲಿ ಅದರ ಹುಟ್ಟೂರು ಮರೆಯಾಗುತ್ತಿತ್ತು.

ಆನೆದಂತ

ತಂಡದ ಮೊದಲ ಬಂಡವಾಳ ದಂತ. ವೀರಪ್ಪನ್ ಬೇಟೆ ಕಲಿತದ್ದು ಸೇವಿ ಗೌಂಡರ್ ಎಂಬ ಹಳೆಯ ದಂತಬೇಟೆಗಾರನ ಬಳಿ. ಏಷ್ಯಾದ ಆನೆಗಳಲ್ಲಿ ಕೋರೆ ಇರುವುದು ಗಂಡಿಗೆ ಮಾತ್ರ. ಆದ್ದರಿಂದ ಬೇಟೆ ಬಿದ್ದದ್ದೆಲ್ಲ ಸಲಗಗಳ ಮೇಲೆ. 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಆನೆಗಳನ್ನು ಅಭ್ಯಾಸ ಮಾಡಿದ ರಾಮನ್ ಸುಕುಮಾರ್ ಅವರಂಥ ವಿಜ್ಞಾನಿಗಳು, ದಂತಬೇಟೆಯಿಂದ ಗಂಡು ಹೆಣ್ಣುಗಳ ಅನುಪಾತ ಕೆಡುವುದನ್ನು ದಾಖಲಿಸಿದರು. ಕೇರಳದ ಪೆರಿಯಾರ್‌ನಲ್ಲಿ ಈ ಅನುಪಾತ ನೂರು ಹೆಣ್ಣಿಗೆ ಒಂದು ಗಂಡು ಎಂಬ ಮಟ್ಟಕ್ಕೆ ಇಳಿದಿತ್ತು.

ವೀರಪ್ಪನ್ ಎರಡು ಸಾವಿರ ಆನೆಗಳನ್ನು ಕೊಂದ ಎಂಬ ಅಂಕಿ ಪತ್ರಿಕೆಗಳಲ್ಲಿ ಪದೇ ಪದೇ ಬಂದಿದೆ. ದಕ್ಷಿಣದ ಕಾಡುಗಳಲ್ಲಿ ಆಗ ದಂತಬೇಟೆಯ ತಂಡಗಳು ಹಲವಿದ್ದವು. ಎಲ್ಲ ಬೇಟೆಯನ್ನೂ ಒಬ್ಬನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ದಂತದ ದಲ್ಲಾಳಿಗಳ ಪರಿಚಯ, ಬಂದೂಕು, ಕಾಡಿನಲ್ಲಿ ಆಳುಗಳನ್ನು ಸಾಕುವ ರೂಢಿ ಇವೆಲ್ಲ ತಂಡಕ್ಕೆ ದಕ್ಕಿದ್ದು ಈ ವ್ಯಾಪಾರದಿಂದ.

ಈ ಮೂಲವನ್ನು ಹಿಂಡಿದ್ದು ಮುಖ್ಯವಾಗಿ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಆನೆಯನ್ನು 1977ರಲ್ಲಿ ಸೇರಿಸಲಾಯಿತು. 1986ರ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನು ನಿಷೇಧಿಸಿತು. ಆದರೆ ಆಫ್ರಿಕಾದಿಂದ ತಂದ ದಂತದ ವ್ಯಾಪಾರ ನಡೆದೇ ಇತ್ತು. ಅದರ ಮರೆಯಲ್ಲಿ ಇಲ್ಲಿನ ಕಳ್ಳದಂತವೂ ಮಾರಾಟವಾಗುವ ದಾರಿ ತೆರೆದಿತ್ತು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ 1989ರಲ್ಲಿ ಆಫ್ರಿಕಾದ ದಂತದ ವ್ಯಾಪಾರವನ್ನೂ ತಡೆಯಿತು. 1991ರ ತಿದ್ದುಪಡಿಯಿಂದ ಭಾರತ ಆಮದು ದಂತದ ವ್ಯವಹಾರವನ್ನೂ ಮುಚ್ಚಿತು. ಮೈಸೂರಿನ ಕೆತ್ತನೆ ಮರಗೆಲಸದವರು ಬೀಟೆ ಮರದ ಮೇಲೆ ದಂತ ಕೂರಿಸುವುದನ್ನು ಬಿಟ್ಟು ಪ್ಲಾಸ್ಟಿಕ್‌ಗೆ ಬಂದರು. ಕೊಳ್ಳುವ ಅಂಗಡಿ ಮುಚ್ಚಿದ ಮೇಲೆ ಕಳ್ಳದಂತಕ್ಕೆ ಬಹಿರಂಗ ಮಾರುಕಟ್ಟೆ ಉಳಿಯಲಿಲ್ಲ. ಗುಟ್ಟಿನ ವ್ಯಾಪಾರ ಮಾತ್ರ ಉಳಿಯಿತು. ಬೇಟೆ ಅಲ್ಲಿಗೇ ನಿಲ್ಲಲಿಲ್ಲ, ಆದರೆ ದಂತವೊಂದನ್ನೇ ನಂಬಿ ದೊಡ್ಡ ತಂಡವನ್ನು ಸಾಕುವುದು ಕಷ್ಟವಾಯಿತು.

ಶ್ರೀಗಂಧ

ದಂತದ ನಂತರ ಗಂಧ. ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜಮರ ಎಂದು ಸಾರಿದ ಮೇಲೆ, ಯಾರ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದೇ ಎಂಬ ಪದ್ಧತಿ ಎರಡು ಶತಮಾನ ನಡೆಯಿತು. ಬದುವಿನಲ್ಲಿ ಗಂಧದ ಸಸಿ ಹುಟ್ಟಿದರೆ ರೈತನಿಗೆ ಲಾಭಕ್ಕಿಂತ ಭಯವೇ ಹೆಚ್ಚು. ಮರ ಕಳುವಾದರೆ ಕೇಸು ತನ್ನ ಮೇಲೆ ಬರುತ್ತದೆಂದು ಸಸಿಯನ್ನೇ ಕಿತ್ತು ಎಸೆಯುತ್ತಿದ್ದವರಿದ್ದರು. ಕಾಡಂಚಿನ ಊರಿಗೆ ಮರ ಉಳಿಸಿಕೊಳ್ಳುವುದರಿಂದ ಒಂದು ಕಾಸೂ ಸಿಗುತ್ತಿರಲಿಲ್ಲ. ಕಡಿದು ಕೊಟ್ಟವನಿಗೆ ಆ ದಿನದ ಕೂಲಿ ಕೈಗೆ ಬರುತ್ತಿತ್ತು. ಕಳ್ಳಸಾಗಣೆಯ ತಂಡಕ್ಕೆ ಆಳುಗಳು ದೊರೆತದ್ದು ಈ ಅಂತರದಿಂದ.

ಗಂಧದ ಕಡಿತ ಬೇರೆ ಮರಗಳ ಕಡಿತದ ಹಾಗಲ್ಲ. ಎಣ್ಣೆ ಹೆಚ್ಚಿರುವುದು ಬೇರಿನಲ್ಲಿ ಮತ್ತು ಬುಡದಲ್ಲಿ. ಆದ್ದರಿಂದ ಮರವನ್ನು ಬುಡಸಮೇತ ಅಗೆದು ಕೀಳುತ್ತಾರೆ. ಮೇಲಿನ ತೊಗಟೆಯನ್ನೂ ಬಿಳಿಯ ಹೊರಮರವನ್ನೂ ಬಾಚಿಯಿಂದ ಕೆತ್ತಿ ತೆಗೆದರೆ ಒಳಗಿನ ಚೇಗು ಉಳಿಯುತ್ತದೆ. ಆ ಚೇಗು ಬಲಿಯಲು ದಶಕಗಳೇ ಬೇಕು. ಅದನ್ನು ತುಂಡು ಮಾಡಿ ತಲೆಹೊರೆಯಲ್ಲಿ ಕಾಡಿನಿಂದ ರಸ್ತೆಯಂಚಿಗೆ ಸಾಗಿಸಿ, ಲಾರಿಗೆ ಹೇರುತ್ತಿದ್ದರು. ತೂಕ ಕಡಿಮೆ, ಬೆಲೆ ಹೆಚ್ಚು, ಕೆಡುವ ಭಯವಿಲ್ಲ. ಹೊತ್ತುಕೊಂಡು ಹೋಗಬಹುದಾದ ನಗದಿಗೆ ಸಮಾನವಾದ ಸರಕು ಇದು. ಕಡಿದವನ ಕೂಲಿಗೂ ಎಣ್ಣೆ ಕಾರ್ಖಾನೆ ಕೊಡುವ ಬೆಲೆಗೂ ನಡುವೆ ಇರುವ ದೊಡ್ಡ ಅಂತರವೇ ತಂಡದ ಮತ್ತು ದಲ್ಲಾಳಿಗಳ ಆದಾಯ.

ಸರ್ಕಾರಿ ಗಂಧದ ಕೋಠಿಗಳಲ್ಲಿ ಹರಾಜಾಗುವ ಗಂಧಕ್ಕೆ ಲೆಕ್ಕವಿತ್ತು. ಕದ್ದ ಗಂಧಕ್ಕೆ ಬೇಕಿದ್ದದ್ದು ಲೆಕ್ಕ ಕೇಳದ ಎಣ್ಣೆಗಾಣ. ಕೇರಳದಲ್ಲಿ, ಕಾಸರಗೋಡೂ ಸೇರಿದಂತೆ, ನಡೆಯುತ್ತಿದ್ದ ಗಂಧದೆಣ್ಣೆಯ ಘಟಕಗಳ ಮೇಲೆ ನೆರೆ ರಾಜ್ಯಗಳ ಕದ್ದ ಮರ ಕೊಳ್ಳುವ ಆರೋಪ ಬಹುಕಾಲ ಇತ್ತು. ಚೇಗು ಒಮ್ಮೆ ಎಣ್ಣೆಯಾದರೆ ಅದು ಮಲೆ ಮಹದೇಶ್ವರ ಬೆಟ್ಟದ್ದೋ ಕೇರಳದ ಮರಯೂರಿನದ್ದೋ ಎಂದು ಹೇಳಲು ಯಾವ ಗುರುತೂ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಅದು ಅತ್ತರು, ಸುಗಂಧ ದ್ರವ್ಯಗಳ ಮಾರುಕಟ್ಟೆಗೆ ಸೇರುವ ಸಕ್ರಮ ಸರಕು.

ಕಾನೂನು ಈ ವಿಷಯದಲ್ಲಿ ತಡವಾಗಿ ಬದಲಾಯಿತು. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿ, ಸ್ವಂತ ಜಮೀನಿನಲ್ಲಿ ಬೆಳೆದ ಗಂಧಕ್ಕೆ ರೈತನನ್ನೇ ಒಡೆಯನನ್ನಾಗಿ ಮಾಡಿತು. ತಮಿಳುನಾಡೂ ಮರುವರ್ಷ ಇದೇ ದಾರಿ ಹಿಡಿಯಿತು. ಅಷ್ಟು ಹೊತ್ತಿಗೆ ಕಾಡಿನಲ್ಲಿ ಬಲಿತ ಗಂಧ ಬಹುಪಾಲು ಬರಿದಾಗಿತ್ತು. ಕಳ್ಳತನದ ಜೊತೆಗೆ, 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗವೂ ಮರಗಳನ್ನು ತಿಂದುಹಾಕಿತ್ತು. ತಂಡದ ಗಂಧದ ಆದಾಯ ಇಳಿದದ್ದಕ್ಕೆ ಪೊಲೀಸ್ ಒತ್ತಡ ಎಷ್ಟು ಕಾರಣವೋ ಕಾಡಿನಲ್ಲಿ ಕದಿಯಲು ಮರ ಉಳಿಯದೆ ಹೋದದ್ದೂ ಅಷ್ಟೇ ಕಾರಣ.

ಕರಿಕಲ್ಲು ಮತ್ತು ವಸೂಲಿ

ಚಾಮರಾಜನಗರ, ಕೊಳ್ಳೇಗಾಲ, ಯಳಂದೂರು ಸುತ್ತಲಿನ ಕರಿಕಲ್ಲಿಗೆ ಹೊರದೇಶಗಳಲ್ಲಿ ಒಳ್ಳೆಯ ಬೆಲೆಯಿತ್ತು. 1980ರ ದಶಕದಲ್ಲಿ ಕಲ್ಲುಕ್ವಾರಿಗಳು ಹೆಚ್ಚಿದವು. ಕ್ವಾರಿ ಎಂದರೆ ಕಾಡಂಚಿನ ಒಂಟಿ ಜಾಗ, ಬೆಲೆಬಾಳುವ ಯಂತ್ರ, ವಾರದ ಬಟವಾಡೆಗೆ ನಗದು, ಬಂಡೆ ಒಡೆಯುವ ಸಿಡಿಮದ್ದು. ಇವನ್ನು ಬಿಟ್ಟು ಮಾಲೀಕ ಓಡಿಹೋಗುವಂತಿಲ್ಲ. ತಂಡ ಕ್ವಾರಿ ಮಾಲೀಕರಿಂದ ವಸೂಲಿಗೆ ಇಳಿಯಿತು. ಕೊಡದವರ ಮನೆಯವರನ್ನೋ ಆಳುಗಳನ್ನೋ ಹಿಡಿದೊಯ್ಯುವ ಬೆದರಿಕೆ ಇತ್ತು, ಹಾಗೆ ನಡೆದದ್ದೂ ಉಂಟು.

ವಸೂಲಿಯ ಹಣವನ್ನು ತಡೆಯುವುದು ದಂತ, ಗಂಧಗಳಿಗಿಂತ ಕಷ್ಟ. ಇಲ್ಲಿ ಸರಕು ಸಾಗುವುದಿಲ್ಲ, ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವ ಲಾರಿಯಿಲ್ಲ. ಕೊಟ್ಟವನು ದೂರು ಕೊಡುವುದಿಲ್ಲ. ದೂರು ಕೊಟ್ಟರೆ ಸಾವಿನ ಭಯ, ಕೊಟ್ಟದ್ದು ಗೊತ್ತಾದರೆ ತಂಡಕ್ಕೆ ನೆರವಾದವನೆಂಬ ಕೇಸಿನ ಭಯ. ಎರಡೂ ಕಡೆಯಿಂದ ಭಯವಿದ್ದಲ್ಲಿ ಪೊಲೀಸರಿಗೆ ಸುಳಿವು ಸಿಗುವುದಿಲ್ಲ. ಈ ತೊಡಕನ್ನು ಭಾರತದ ಸುಪ್ರೀಂ ಕೋರ್ಟ್ ನೇರವಾಗಿ ಎದುರಿಸಿದ್ದು ಬಹಳ ವರ್ಷಗಳ ಮೇಲೆ, ಜಾರ್ಖಂಡ್‌ನ ಪ್ರಕರಣವೊಂದರಲ್ಲಿ. 2021ರ ಏಪ್ರಿಲ್‌ನಲ್ಲಿ ಸುದೇಶ್ ಕೇಡಿಯಾ ಪ್ರಕರಣದಲ್ಲಿ ಜಾಮೀನು ನೀಡುತ್ತಾ, ಬೆದರಿಕೆಗೆ ಮಣಿದು ಸುಲಿಗೆಯ ಹಣ ಕೊಟ್ಟದ್ದನ್ನು ಭಯೋತ್ಪಾದನೆಗೆ ಹಣ ಒದಗಿಸಿದಂತೆ ಎಣಿಸಲಾಗದು ಎಂದು ಅದು ಹೇಳಿತು. ಸುಲಿಗೆಗೆ ಒಳಗಾದವನು ಸಾಕ್ಷಿಯಾಗಬಲ್ಲ ಎಂಬ ಭರವಸೆ ಇದ್ದರೆ ಮಾತ್ರ ಅವನು ಬಾಯಿ ಬಿಡುತ್ತಾನೆ. 1990ರ ದಶಕದ ಕೊಳ್ಳೇಗಾಲದಲ್ಲಿ ಅಂಥ ಭರವಸೆ ಇರಲಿಲ್ಲ.

ಶ್ರೀನಿವಾಸ್ ಅವರ ದಾರಿ

ತಂಡಕ್ಕೆ ಆಳು ಸಿಗದಂತೆ ಮಾಡಿದರೆ ಆದಾಯ ತಾನಾಗಿ ಕುಸಿಯುತ್ತದೆ ಎಂದು ಮೊದಲು ಕಂಡುಕೊಂಡವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಅವರು ಗೋಪಿನಾಥಂನಲ್ಲೇ ಉಳಿದು ಊರಿನವರ ವಿಶ್ವಾಸ ಗಳಿಸಿದರು. ಔಷಧಿ, ಕುಡಿಯುವ ನೀರು, ಮನೆಗಳ ಕೆಲಸಕ್ಕೆ ಕೈಹಾಕಿದರು. ಊರಿನ ಮಾರಿಯಮ್ಮನ ಗುಡಿ ಕಟ್ಟಿಸಲು ನಿಂತರು. ಗಂಧ ಕಡಿಯಲು ಹೋಗುತ್ತಿದ್ದವರಲ್ಲಿ ಹಲವರು ಶರಣಾಗಿ ಬೇರೆ ದುಡಿಮೆಗೆ ಬಂದರು. ಒಬ್ಬ ಅಧಿಕಾರಿ ಆಯುಧವಿಲ್ಲದೆ ಮಾಡಿದ ಈ ಕೆಲಸದಿಂದ ತಂಡಕ್ಕೆ ತನ್ನ ಹುಟ್ಟೂರಿನಲ್ಲೇ ನೆಲೆ ತಪ್ಪಿತು.

1991ರ ನವೆಂಬರ್ 10ರಂದು, ಶರಣಾಗತಿಯ ಮಾತನ್ನು ನಂಬಿ ಕಾಡಿಗೆ ಹೋದ ಶ್ರೀನಿವಾಸ್ ಅವರನ್ನು ತಂಡ ಕೊಂದು ತಲೆ ಕಡಿಯಿತು. ಮರುವರ್ಷ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. ಗೋಪಿನಾಥಂನ ಜನ ಇಂದಿಗೂ ಅವರನ್ನು ಗೌರವದಿಂದ ನೆನೆಯುತ್ತಾರೆ. ಅವರ ಸಾವಿನೊಂದಿಗೆ ಆ ದಾರಿಯೂ ನಿಂತಿತು. ಇಡೀ ಪ್ರಕರಣದಲ್ಲಿ ಅತ್ಯಂತ ದೊಡ್ಡ ನಷ್ಟವೆಂದರೆ ಇದು: ಫಲ ಕೊಡುತ್ತಿದ್ದ ವಿಧಾನವೊಂದು ಒಬ್ಬ ವ್ಯಕ್ತಿಯ ಬೆನ್ನ ಮೇಲೆ ಮಾತ್ರ ನಿಂತಿತ್ತು, ಇಲಾಖೆ ಅದನ್ನು ತನ್ನ ಪದ್ಧತಿಯಾಗಿ ಎತ್ತಿಕೊಳ್ಳಲಿಲ್ಲ.

ವಿಶೇಷ ಕಾರ್ಯಪಡೆ

1992ರ ಮೇ ತಿಂಗಳಲ್ಲಿ ತಂಡ ರಾಮಾಪುರ ಪೊಲೀಸ್ ಠಾಣೆಯ ಮೇಲೆ ರಾತ್ರಿ ದಾಳಿ ಮಾಡಿ ಐವರು ಪೊಲೀಸರನ್ನು ಕೊಂದು ಆಯುಧಗಳನ್ನು ಹೊತ್ತೊಯ್ದಿತು. ಹಣವಿದ್ದರೂ ಮಾರುಕಟ್ಟೆಯಲ್ಲಿ ಸಿಗದ ಬಂದೂಕುಗಳನ್ನು ತಂಡ ಠಾಣೆಗಳಿಂದಲೇ ಪಡೆಯಿತು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುದಾಳಿಯಲ್ಲಿ ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಸಿಬ್ಬಂದಿ ಹತರಾದರು. ಸರಕು ಕೊಳ್ಳುವ ನೆಪದ ಸಂಪರ್ಕಗಳ ಮೂಲಕ ತಂಡವನ್ನು ಬಲೆಗೆ ಕೆಡವುವ ಯತ್ನ ತಿರುಗುಬಾಣವಾಗಿತ್ತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಮೇ 24ರಂದು ಮಹದೇಶ್ವರ ಬೆಟ್ಟದ ಹತ್ತಿರದ ರಂಗಸ್ವಾಮಿ ಒಡ್ಡಿನಲ್ಲಿ ಇನ್ನೂ ಆರು ಪೊಲೀಸರು ಬಲಿಯಾದರು.

ಕರ್ನಾಟಕದ ವಿಶೇಷ ಕಾರ್ಯಪಡೆಯನ್ನು 1993ರಿಂದ ಶಂಕರ ಬಿದರಿ ಮುನ್ನಡೆಸಿದರು. ತಮಿಳುನಾಡಿನ ಪಡೆ ವಾಲ್ಟರ್ ದೇವಾರಂ ಅವರ ಕೈಯಲ್ಲಿತ್ತು. ಗಡಿ ಭದ್ರತಾ ಪಡೆಯೂ ಸ್ವಲ್ಪ ಕಾಲ ಬಂತು. ಎರಡೂ ರಾಜ್ಯಗಳ ಪಡೆಗಳು ಒಟ್ಟಾಗಿ ಕಾಡು ಜಾಲಾಡಿದ್ದರಿಂದ ನೂರರ ಮೇಲಿದ್ದ ತಂಡ ಮೂರ್ನಾಲ್ಕು ವರ್ಷಗಳಲ್ಲಿ ಬೆರಳೆಣಿಕೆಗೆ ಇಳಿಯಿತು. ಹಣದ ದೃಷ್ಟಿಯಿಂದ ಇದರ ಪರಿಣಾಮ ದೊಡ್ಡದು. ಗಂಧ ಕಡಿಯಲು, ಕೆತ್ತಲು, ಹೊರಲು ಹತ್ತಾರು ಆಳು ಬೇಕು. ಐದಾರು ಜನರಿಂದ ಆಗದು. ಸಣ್ಣ ತಂಡಕ್ಕೆ ಉಳಿದದ್ದು ಆಳುಗಳು ಬೇಡದ ಒಂದೇ ಕಸುಬು: ಮನುಷ್ಯರನ್ನು ಹಿಡಿದೊಯ್ಯುವುದು.

ಜನರ ಮೇಲೆ ಬಿದ್ದ ಹೊರೆ

ತಂಡಕ್ಕೆ ಅಕ್ಕಿ, ಬೇಳೆ, ಸುದ್ದಿ ಒದಗದಂತೆ ಮಾಡುವ ಯತ್ನ ಕಾಡಂಚಿನ ಊರುಗಳ ಮೇಲೆ ಬಿತ್ತು. ಬಂದೂಕು ತೋರಿಸಿ ಊಟ ಕೇಳಿದವನಿಗೆ ಅನ್ನ ಹಾಕಿದ ಮನೆಯೂ ಪೊಲೀಸರ ಕಣ್ಣಿಗೆ ನೆರವಾದ ಮನೆಯಾಯಿತು. ಸುದ್ದಿ ಕೊಟ್ಟನೆಂಬ ಶಂಕೆ ಬಂದರೆ ಅದೇ ಮನೆಯವನನ್ನು ತಂಡ ಕೊಲ್ಲುತ್ತಿತ್ತು. ಹನೂರು ಕಡೆಯ ಹಳ್ಳಿಗರೂ ಸೋಲಿಗರೂ ಈ ಎರಡರ ನಡುವೆ ವರ್ಷಗಟ್ಟಲೆ ಬದುಕಿದರು.

ಟಾಡಾ ಕಾಯ್ದೆಯಡಿ ಹಿಡಿದ ನೂರಕ್ಕೂ ಹೆಚ್ಚು ಮಂದಿ ಮೈಸೂರು ಜೈಲಿನಲ್ಲಿ ವಿಚಾರಣೆಗೆ ಕಾಯುತ್ತ ವರ್ಷಗಳನ್ನು ಕಳೆದರು; ಅವರಲ್ಲಿ ಹೆಂಗಸರೂ ಇದ್ದರು. 2001ರಲ್ಲಿ ವಿಶೇಷ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರನ್ನು ನಿರಪರಾಧಿಗಳೆಂದು ಬಿಡುಗಡೆ ಮಾಡಿತು. ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ನಾಲ್ವರಿಗೆ ಸುಪ್ರೀಂ ಕೋರ್ಟ್ 2004ರಲ್ಲಿ ಮರಣದಂಡನೆ ವಿಧಿಸಿತು. ಕ್ಷಮಾದಾನದ ಅರ್ಜಿ ತೀರ್ಮಾನವಾಗಲು ಆದ ವಿಳಂಬದ ಕಾರಣಕ್ಕೆ 2014ರ ಜನವರಿಯಲ್ಲಿ ಅದು ಮತ್ತೆ ಜೀವಾವಧಿಗೆ ಇಳಿಯಿತು.

ಕಾರ್ಯಪಡೆಯ ಮೇಲೆ ಬಂದ ಚಿತ್ರಹಿಂಸೆ, ಅತ್ಯಾಚಾರ, ಕಾನೂನುಬಾಹಿರ ಬಂಧನದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತು. ಮಹದೇಶ್ವರ ಬೆಟ್ಟದಲ್ಲಿ 'ವರ್ಕ್‌ಶಾಪ್' ಎಂದು ಕರೆಯುತ್ತಿದ್ದ ಜಾಗದಲ್ಲಿ ತಮಗಾದುದನ್ನು ಹಲವರು ಸಮಿತಿಯ ಮುಂದೆ ಹೇಳಿಕೊಂಡರು. ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಶಿಫಾರಸು ಮಾಡಿತು.

ಹಣದ ಸರಪಳಿಯನ್ನು ಕತ್ತರಿಸುವ ಕೆಲಸದಲ್ಲಿ ಪೆಟ್ಟು ಎಲ್ಲಿ ಬಿತ್ತು ಎಂಬುದಕ್ಕೆ ಈ ದಾಖಲೆಗಳೇ ಉತ್ತರ. ದಿನಗೂಲಿಗೆ ಮರ ಹೊತ್ತವನೂ ಊಟ ಕೊಟ್ಟವಳೂ ಜೈಲು ಕಂಡರು. ದಂತ ಕೊಂಡವರು, ಗಂಧಕ್ಕೆ ಮುಂಗಡ ಕೊಟ್ಟವರು, ಲಾರಿ ಕಳಿಸಿದವರು, ಎಣ್ಣೆ ಮಾಡಿ ಮಾರಿದವರು ಆ ಕಟ್ಟುನಿಟ್ಟಿನ ಕಾಯ್ದೆಯ ಮುಂದೆ ಅದೇ ಪ್ರಮಾಣದಲ್ಲಿ ಬಂದು ನಿಲ್ಲಲಿಲ್ಲ.

ಅಪಹರಣ ಮತ್ತು ಒತ್ತೆಹಣ

1997ರ ಜುಲೈನಲ್ಲಿ ಒಂಬತ್ತು ಮಂದಿ ಅರಣ್ಯ ಸಿಬ್ಬಂದಿಯನ್ನು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂಡೀಪುರದ ಬಳಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಅವರನ್ನು ತಂಡ ಹಿಡಿದೊಯ್ದಿತು. ಬೇಡಿಕೆಗಳಲ್ಲಿ ಹಣದ ಜೊತೆ ಕ್ಷಮಾದಾನವೂ ಇತ್ತು. ಈ ಹೊತ್ತಿಗೆ ತಮಿಳುನಾಡು ಲಿಬರೇಷನ್ ಆರ್ಮಿ ಮತ್ತು ತಮಿಳ್ ನ್ಯಾಷನಲ್ ರಿಟ್ರೀವಲ್ ಟ್ರೂಪ್ಸ್ ಸಂಘಟನೆಗಳ ಸಂಪರ್ಕ ಬೆಳೆದಿತ್ತು. ಮೊದಲನೆಯದರ ಸ್ಥಾಪಕ ತಮಿಳರಸನ್ 1987ರಲ್ಲಿ ಪೊನ್‌ಪರಪ್ಪಿಯಲ್ಲಿ ಬ್ಯಾಂಕ್ ದರೋಡೆಗೆ ಹೋಗಿ ಜನರ ಕೈಯಲ್ಲಿ ಸತ್ತಿದ್ದ. ಬ್ಯಾಂಕ್ ದೋಚಿ ನಡೆಯುತ್ತಿದ್ದ ಗುಂಪಿಗೆ ಕಾಡಿನ ಆಸರೆ ಬೇಕಿತ್ತು. ವೀರಪ್ಪನ್‌ಗೆ ತನ್ನ ಕಸುಬಿಗೆ ರಾಜಕೀಯದ ಹೊದಿಕೆ ಬೇಕಿತ್ತು.

2000ದ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದ ಕನ್ನಡ ಚಿತ್ರನಟ ಡಾ. ರಾಜಕುಮಾರ್ ಮತ್ತು ಅವರ ಜೊತೆಗಿದ್ದ ಮೂವರ ಅಪಹರಣವಾಯಿತು. ಕಾವೇರಿ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಟಾಡಾ ಕೈದಿಗಳ ಬಿಡುಗಡೆ, ತಮಿಳುನಾಡಿನ ಮಾಂಜೋಲೈ ಚಹಾ ತೋಟದ ಕಾರ್ಮಿಕರ ಕೂಲಿ ಮುಂತಾದವು ಬಹಿರಂಗ ಬೇಡಿಕೆಗಳು. ನಕ್ಕೀರನ್ ಪತ್ರಿಕೆಯ ಆರ್.ಆರ್. ಗೋಪಾಲ್, ಆಮೇಲೆ ತಮಿಳು ನಾಯಕ ಪಿ. ನೆಡುಮಾರನ್ ಮೊದಲಾದವರು ಸಂಧಾನಕ್ಕೆ ಕಾಡಿಗೆ ಹೋದರು. ಕೈದಿಗಳ ಮೇಲಿನ ಟಾಡಾ ಆರೋಪಗಳನ್ನು ಹಿಂಪಡೆಯಲು ಕರ್ನಾಟಕ ಸರ್ಕಾರ ಮುಂದಾದಾಗ, ಮೀಣ್ಯಂನಲ್ಲಿ ಮಡಿದ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2000ದ ನವೆಂಬರ್ 7ರಂದು ನ್ಯಾಯಾಲಯ ಆ ಬಿಡುಗಡೆಯನ್ನು ತಡೆಯಿತು. ನವೆಂಬರ್ 15ರಂದು, 108 ದಿನಗಳ ಬಳಿಕ, ರಾಜಕುಮಾರ್ ಬಿಡುಗಡೆಯಾದರು.

ಕೈದಿಗಳನ್ನು ಬಿಡುವ ದಾರಿ ಮುಚ್ಚಿದ ಎಂಟೇ ದಿನಗಳಲ್ಲಿ ರಾಜಕುಮಾರ್ ಬಿಡುಗಡೆ ಆದದ್ದರಿಂದ ಹಣ ಸಂದಾಯವಾಯಿತೇ ಎಂಬ ಪ್ರಶ್ನೆ ಎದ್ದಿತು. ಆಗಿನ ಪೊಲೀಸ್ ಮಹಾನಿರ್ದೇಶಕ ಸಿ. ದಿನಕರ್ ನಿವೃತ್ತಿಯ ನಂತರ ಬರೆದ ಪುಸ್ತಕದಲ್ಲಿ ಕೋಟಿಗಟ್ಟಲೆ ಒತ್ತೆಹಣ ಸಂದಾಯವಾಯಿತೆಂದು ಆರೋಪಿಸಿದರು, ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಇದನ್ನು ನಿರಾಕರಿಸಿತು. ಈ ಅಪಹರಣದ ಪ್ರಕರಣದಲ್ಲಿ ಒಂಬತ್ತು ಆರೋಪಿಗಳನ್ನು ಗೋಬಿಚೆಟ್ಟಿಪಾಳಯಂ ನ್ಯಾಯಾಲಯ 2018ರ ಸೆಪ್ಟೆಂಬರ್‌ನಲ್ಲಿ ಖುಲಾಸೆಗೊಳಿಸಿತು.

2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯ ಮನೆಯಿಂದ ತಂಡ ಹಿಡಿದೊಯ್ದಿತು. ಡಿಸೆಂಬರ್ 8ರಂದು ಚಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ಒಂದು ಅಪಹರಣ ಫಲ ಕೊಟ್ಟಿತೆಂಬ ಭಾವನೆ ಹುಟ್ಟಿದರೆ ಎರಡನೆಯದಕ್ಕೆ ದಾರಿಯಾಗುತ್ತದೆ. ಈ ಮಾತಿಗೆ ಕಾಮಗೆರೆಯ ಒಂದು ಕುಟುಂಬ ತೆತ್ತ ಬೆಲೆಯನ್ನು ಈ ಸೀಮೆ ಮರೆತಿಲ್ಲ.

2004ರ ಅಕ್ಟೋಬರ್ 18ರ ರಾತ್ರಿ, ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆ, ಕಣ್ಣಿನ ಚಿಕಿತ್ಸೆಗೆಂದು ಆಂಬುಲೆನ್ಸ್ ಹತ್ತಿದ ವೀರಪ್ಪನ್‌ನನ್ನೂ ಮೂವರು ಸಹಚರರನ್ನೂ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಕೊಂದಿತು. ಆಗ ಅವನ ಜೊತೆ ಉಳಿದವರು ಆ ಮೂವರೇ.

ಕಾನೂನಿನ ಚೌಕಟ್ಟು

ವೀರಪ್ಪನ್ ತಂಡ ಬೆಳೆದ ಕಾಲಕ್ಕೆ ಸಶಸ್ತ್ರ ಗುಂಪಿನ ಹಣವನ್ನೇ ಗುರಿಯಾಗಿಟ್ಟ ಪೂರ್ಣ ಕಾನೂನು ಭಾರತದಲ್ಲಿ ಇರಲಿಲ್ಲ. ಅಂತರರಾಷ್ಟ್ರೀಯ ಮಟ್ಟದಲ್ಲಿ ಭಯೋತ್ಪಾದನೆಗೆ ಹಣ ಒದಗಿಸುವುದನ್ನು ತಡೆಯುವ ವಿಶ್ವಸಂಸ್ಥೆಯ ಒಪ್ಪಂದ ರೂಪುಗೊಂಡದ್ದು 1999ರ ಡಿಸೆಂಬರ್‌ನಲ್ಲಿ. 2001ರ ಸೆಪ್ಟೆಂಬರ್ 28ರ 1373ನೇ ನಿರ್ಣಯದ ಮೂಲಕ ಭದ್ರತಾ ಮಂಡಳಿ ಇಂಥ ಹಣವನ್ನು ತಡೆಹಿಡಿಯುವುದನ್ನು ಎಲ್ಲ ದೇಶಗಳಿಗೂ ಕಡ್ಡಾಯ ಮಾಡಿತು. ಪ್ಯಾರಿಸ್‌ನ ಹಣಕಾಸು ಕಾರ್ಯಪಡೆ ಎಫ್‌ಎಟಿಎಫ್ 1989ರಲ್ಲಿ ಹುಟ್ಟಿ, 2001ರಿಂದ ಈ ವಿಷಯವನ್ನೂ ಕೈಗೆತ್ತಿಕೊಂಡಿತು. ಭಾರತ 2010ರ ಜೂನ್‌ನಲ್ಲಿ ಅದರ ಸದಸ್ಯ ದೇಶವಾಯಿತು.

ಭಾರತದಲ್ಲಿ 2002ರ ಜುಲೈನಲ್ಲಿ ಪೋಟಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಡಿ ಮೇಲೆ ಹೇಳಿದ ಎರಡು ತಮಿಳು ಸಂಘಟನೆಗಳ ನಿಷೇಧವಾಯಿತು. ಪೋಟಾ ರದ್ದಾದ 2004ರಲ್ಲಿ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಗೆ ಹೊಸ ಅಧ್ಯಾಯಗಳು ಸೇರಿದವು. ಅದರ 17ನೇ ಸೆಕ್ಷನ್ ಭಯೋತ್ಪಾದಕ ಕೃತ್ಯಕ್ಕೆ ಹಣ ಕೂಡಿಸುವುದನ್ನೂ, 40ನೇ ಸೆಕ್ಷನ್ ನಿಷೇಧಿತ ಸಂಘಟನೆಗೆ ಹಣ ಎತ್ತುವುದನ್ನೂ ಶಿಕ್ಷಾರ್ಹಗೊಳಿಸುತ್ತವೆ. 2008ರಲ್ಲಿ ಸೇರಿದ 51ಎ ಸೆಕ್ಷನ್ ಆಸ್ತಿ ಮತ್ತು ಖಾತೆಗಳನ್ನು ತಡೆಹಿಡಿಯುವ ಅಧಿಕಾರ ಕೊಡುತ್ತದೆ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2005ರ ಜುಲೈ 1ರಿಂದ ಜಾರಿಗೆ ಬಂತು. ವನ್ಯಜೀವಿ ಕಾಯ್ದೆಯ ಅಪರಾಧಗಳೂ ಅದರ ಪಟ್ಟಿಯಲ್ಲಿ ಇರುವುದರಿಂದ, ದಂತ ಮಾರಿ ಕೊಂಡ ಮನೆ ಜಮೀನುಗಳನ್ನು ಇಂದು ಮುಟ್ಟುಗೋಲು ಹಾಕಬಹುದು. ಬ್ಯಾಂಕುಗಳಿಂದ ಅನುಮಾನಾಸ್ಪದ ವ್ಯವಹಾರಗಳ ವರದಿ ಪಡೆಯುವ ಹಣಕಾಸು ಗುಪ್ತಚರ ಘಟಕ ಸ್ಥಾಪನೆಯಾದದ್ದು 2004ರ ನವೆಂಬರ್ 18ರಂದು. ವೀರಪ್ಪನ್ ಸತ್ತು ಸರಿಯಾಗಿ ಒಂದು ತಿಂಗಳಾಗಿತ್ತು.

ಈ ಕಾನೂನುಗಳಿಗೂ ಮಿತಿಯುಂಟು. ಬ್ಯಾಂಕಿನ ಮೂಲಕ ಹಾಯುವ ಹಣ ಕಣ್ಣಿಗೆ ಬೀಳುತ್ತದೆ. ಕಾಡಂಚಿನಲ್ಲಿ ಕೈಯಿಂದ ಕೈಗೆ ದಾಟುವ ನಗದು ಕಾಣುವುದಿಲ್ಲ. ಅಲ್ಲಿ ಕಾಣಿಸುವುದು ಸರಕು ಮಾತ್ರ: ಲಾರಿ, ಮರ, ಕಾರ್ಖಾನೆಯ ದಾಸ್ತಾನು ಪುಸ್ತಕ.

ಬೇರೆಡೆಯ ಅನುಭವ

ಮಲಯಾದಲ್ಲಿ 1950ರಿಂದ ಬ್ರಿಟಿಷರು ಬ್ರಿಗ್ಸ್ ಯೋಜನೆಯಡಿ ಕಾಡಂಚಿನ ಲಕ್ಷಾಂತರ ಜನರನ್ನು ಬೇಲಿಯೊಳಗಿನ ಹಳ್ಳಿಗಳಿಗೆ ಸಾಗಿಸಿ ಬಂಡುಕೋರರಿಗೆ ಅನ್ನ ಸಿಗದಂತೆ ಮಾಡಿದರು. ಗುರಿ ಸಾಧಿಸಿದರೂ ಬೆಲೆ ತೆತ್ತವರು ಬಡವರು. ಇದಕ್ಕಿಂತ ಭಿನ್ನವಾದ ದಾರಿ ಸರಕಿನ ಮಾರುಕಟ್ಟೆಯನ್ನು ಮುಚ್ಚುವುದು. ಅಂಗೋಲದ ಯುನಿಟಾ ಗುಂಪಿನ ವಜ್ರಗಳ ಮೇಲೆ 1998ರಲ್ಲಿ ಭದ್ರತಾ ಮಂಡಳಿ ನಿರ್ಬಂಧ ಹೇರಿತು. 2003ರಲ್ಲಿ ವಜ್ರದ ಮೂಲ ದೃಢೀಕರಿಸುವ ಕಿಂಬರ್ಲಿ ವ್ಯವಸ್ಥೆ ಜಾರಿಗೆ ಬಂತು. ಸೊಮಾಲಿಯಾದ ಅಲ್ ಶಬಾಬ್ ಗುಂಪಿಗೆ ಆದಾಯ ಕೊಡುತ್ತಿದ್ದ ಇದ್ದಿಲನ್ನು ಯಾವ ದೇಶವೂ ಕೊಳ್ಳಬಾರದೆಂದು 2012ರಲ್ಲಿ 2036ನೇ ನಿರ್ಣಯ ಹೇಳಿತು. ಕಾಡು ಕಡಿದು ಬಂದೂಕು ಸಾಕುವ ಈ ಪ್ರಕರಣ ಗಂಧದ ಪ್ರಕರಣಕ್ಕೆ ತೀರ ಹತ್ತಿರದ್ದು. ಒತ್ತೆಹಣದ ವಿಷಯದಲ್ಲಿ 2014ರ ಜನವರಿಯ 2133ನೇ ನಿರ್ಣಯ, ಭಯೋತ್ಪಾದಕರಿಗೆ ಅದು ದಕ್ಕದಂತೆ ನೋಡಿಕೊಳ್ಳಲು ದೇಶಗಳನ್ನು ಕೇಳಿಕೊಂಡಿತು. ಒತ್ತೆಯಾಳಿನ ಜೀವ ಎದುರಿಗಿರುವಾಗ ಇದನ್ನು ಪಾಲಿಸುವುದು ಎಷ್ಟು ಕಠಿಣ ಎಂಬುದು 2000ದ ಆ 108 ದಿನಗಳನ್ನು ಕಂಡ ಕನ್ನಡಿಗರಿಗೆ ಗೊತ್ತು.

ಮೌಲ್ಯಮಾಪನ

ನಾಲ್ಕು ಮೂಲಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದಂತದ ಆದಾಯ ಕುಗ್ಗಿದ್ದು ಕೊಳ್ಳುವವರ ದಾರಿ ಮುಚ್ಚಿದಾಗ. ಗಂಧದಲ್ಲಿ ಹಾಗಾಗಲಿಲ್ಲ, ಕೊಳ್ಳುವವರು ಉಳಿದರು, ಮರ ಮುಗಿಯಿತು. ವಸೂಲಿ ನಿಲ್ಲಲು ಸುಲಿಗೆಗೊಳಗಾದವರಿಗೆ ರಕ್ಷಣೆ ಬೇಕಿತ್ತು, ಅದು ಸಿಗಲಿಲ್ಲ. ಒಂದು ದಾರಿ ಮುಚ್ಚಿದಾಗಲೆಲ್ಲ ತಂಡ ಇನ್ನೊಂದಕ್ಕೆ ಹೊರಳಿತು; ಕೊನೆಗೆ ಅತ್ಯಂತ ಕ್ರೂರವಾದದ್ದಕ್ಕೆ. ಆದ್ದರಿಂದ ಒಂದೊಂದೇ ಮೂಲವನ್ನು ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಾಲದಲ್ಲಿ ತಡೆದರೆ ಪ್ರಯೋಜನ ಕಡಿಮೆ. ಅರಣ್ಯ, ಗಣಿ, ತೆರಿಗೆ, ಪೊಲೀಸ್ ಇಲಾಖೆಗಳೂ ನೆರೆರಾಜ್ಯಗಳೂ ಒಂದೇ ಲೆಕ್ಕದ ಪುಸ್ತಕ ಇಟ್ಟುಕೊಂಡು ನೋಡಬೇಕು.

ಎರಡನೆಯದು ನ್ಯಾಯದ ಪ್ರಶ್ನೆ. ಸರಪಳಿಯ ಕೆಳತುದಿಯಲ್ಲಿರುವ ಕೂಲಿಕಾರ ಕೈಗೆ ಸುಲಭವಾಗಿ ಸಿಗುತ್ತಾನೆ. ಅವನನ್ನು ಹಿಡಿದರೆ ನಾಳೆ ಇನ್ನೊಬ್ಬ ಬರುತ್ತಾನೆ. ಮೇಲಿರುವ ಕೊಳ್ಳುಗನನ್ನು ಹಿಡಿಯಲು ದಾಖಲೆ, ತಾಳ್ಮೆ, ರಾಜಕೀಯ ಧೈರ್ಯ ಬೇಕು. ಅವನನ್ನು ಹಿಡಿದರೆ ಕೂಲಿಯ ಕರೆಯೇ ನಿಲ್ಲುತ್ತದೆ. ಶ್ರೀನಿವಾಸ್ ಗೋಪಿನಾಥಂನಲ್ಲಿ ಕೆಳತುದಿಯನ್ನು ಪ್ರೀತಿಯಿಂದ ಬಿಡಿಸಿದರು. ಮೇಲ್ತುದಿಯನ್ನು ಕಾನೂನಿನಿಂದ ಬಿಗಿಯುವ ಕೆಲಸ ಸರ್ಕಾರಗಳದ್ದಾಗಿತ್ತು. ಈ ಎರಡೂ ಒಂದೇ ಕಾಲದಲ್ಲಿ ನಡೆದಿದ್ದರೆ ರಾಮಾಪುರ, ಮೀಣ್ಯಂ, ಪಾಲಾರ್‌ಗಳಲ್ಲಿ ಸತ್ತವರಲ್ಲಿ ಹಲವರು ಉಳಿಯಬಹುದಿತ್ತು, ಮೈಸೂರು ಜೈಲಿನಲ್ಲಿ ವರ್ಷಗಳನ್ನು ಕಳೆದ ನಿರಪರಾಧಿಗಳು ತಮ್ಮ ಹೊಲಗಳಲ್ಲಿ ಇರಬಹುದಿತ್ತು. ಸಶಸ್ತ್ರ ಗುಂಪುಗಳ ಹಣವನ್ನು ತಡೆಯಲು ಹೊರಡುವ ಯಾವ ಸರ್ಕಾರವೂ ಮೊದಲು ಕೇಳಬೇಕಾದದ್ದು ಈ ಸರಕನ್ನು ಕೊಳ್ಳುತ್ತಿರುವವರು ಯಾರು ಎಂಬುದನ್ನು. ಅದನ್ನು ಹೊತ್ತವನ ಹೆಸರು ಆಮೇಲೆ.